ಟ್ರ್ಯಾಕ್ಟರ್ ಎಂಜಿನ್ ಬ್ಲಾಕಿನ ತಿರುಪು ಬಿರಡೆಗಳು: ಬಿಚ್ಚುವ ಮತ್ತು ಬದಲಿಸುವ ಕ್ರಮ

ಹಲವು ವರ್ಷ ದುಡಿದ ಟ್ರ್ಯಾಕ್ಟರು ನೀಲಿ ಹೊಗೆ ಬಿಡತೊಡಗಿ, ದಿನವೂ ಆಯಿಲ್ ಕುಡಿಯತೊಡಗಿದಾಗ ಎಂಜಿನ್ನನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಸುವುದು ನಮ್ಮ ರೈತರಲ್ಲಿ ರೂಢಿಯಲ್ಲಿದೆ. ಲೈನರ್, ಪಿಸ್ಟನ್, ರಿಂಗು, ಬೇರಿಂಗುಗಳನ್ನು ಯಾವ ಕಂಪನಿಯದು ಹಾಕಬೇಕೆಂದು ರೈತರು ನಾಲ್ಕು ಕಡೆ ವಿಚಾರಿಸುತ್ತಾರೆ. ಕ್ರ್ಯಾಂಕ್ ಗ್ರೈಂಡಿಂಗ್ ಎಲ್ಲಿ ಚೆನ್ನಾಗಿ ಮಾಡುತ್ತಾರೆಂದು ಪಕ್ಕದ ತಾಲ್ಲೂಕಿನವರೆಗೂ ಹೋಗಿ ಬರುತ್ತಾರೆ. ಆದರೆ ಬ್ಲಾಕಿನ ಮೈಯಲ್ಲಿ ಅಲ್ಲಲ್ಲಿ ತಿರುಚಿ ಕೂರಿಸಿರುವ ಹತ್ತಾರು ಸಣ್ಣ ಬಿರಡೆಗಳ ವಿಷಯವನ್ನು ಯಾರೂ ಕೇಳುವುದಿಲ್ಲ. ಬೇರಿಂಗಿನ ಬೆಲೆಯ ಮುಂದೆ ಲೆಕ್ಕಕ್ಕೇ ಬಾರದ ಈ ಬಿರಡೆಗಳನ್ನು ಬಿಚ್ಚದೆ ಹಾಗೆಯೇ ಬಿಟ್ಟ ಕಾರಣದಿಂದ ಹೊಸ ಬೇರಿಂಗುಗಳು ಕೆಲವೇ ಗಂಟೆಗಳಲ್ಲಿ ಹಾಳಾಗುವುದುಂಟು.

ಬೇಸಾಯಶಾಸ್ತ್ರದ ಅಧ್ಯಾಪಕನಿಗೆ ಎಂಜಿನ್ನಿನ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಮುಂಗಾರಿನ ಹದ ಮಳೆ ಬಿದ್ದ ನಂತರ ಖುಷ್ಕಿ ಭೂಮಿಯಲ್ಲಿ ಬಿತ್ತನೆಗೆ ಸಿಗುವ ಅವಧಿ ಕೆಲವೇ ದಿನಗಳದು. ಆ ದಿನಗಳಲ್ಲಿ ಟ್ರ್ಯಾಕ್ಟರು ಎರಡನೇ ಸಲ ವರ್ಕ್‌ಷಾಪಿನಲ್ಲಿ ನಿಂತರೆ ಒಳ್ಳೆಯ ಬೀಜ, ಗೊಬ್ಬರ, ತಳಿಗಳ ಬಗ್ಗೆ ನಾವು ಹೇಳಿದ್ದೆಲ್ಲವೂ ನಿಷ್ಪ್ರಯೋಜಕವಾಗುತ್ತದೆ. ಆದ್ದರಿಂದ ಈ ವಿಷಯ ನಮ್ಮ ಶಾಸ್ತ್ರಕ್ಕೆ ಹೊರಗಿನದಲ್ಲ.

ಬಿರಡೆ ಅಲ್ಲಿ ಏಕಿದೆ?

ಎಂಜಿನ್ ಬ್ಲಾಕ್ ಎರಕದ ಕಬ್ಬಿಣದ್ದು. ಎರಕ ಹೊಯ್ದ ನಂತರ ಅದರೊಳಗೆ ಆಯಿಲ್ ಹರಿಯಲು ಉದ್ದಕ್ಕೆ ಒಂದು ಮುಖ್ಯ ರಂಧ್ರವನ್ನೂ, ಅದರಿಂದ ಪ್ರತಿಯೊಂದು ಮೇನ್ ಬೇರಿಂಗಿಗೂ ಕ್ಯಾಮ್‌ಷಾಫ್ಟಿಗೂ ಕವಲು ರಂಧ್ರಗಳನ್ನೂ ಕೊರೆಯುತ್ತಾರೆ. ಮುಖ್ಯ ರಂಧ್ರಕ್ಕೆ ಮೆಕ್ಯಾನಿಕ್‌ಗಳು ಗ್ಯಾಲರಿ ಎನ್ನುತ್ತಾರೆ. ಬ್ಲಾಕಿನ ಒಳಗಿನಿಂದ ಕೊರೆಯಲು ಸಾಧ್ಯವಿಲ್ಲವಾದ್ದರಿಂದ ಡ್ರಿಲ್ಲನ್ನು ಹೊರಗಿನಿಂದಲೇ ತೂರಿಸಬೇಕಾಗುತ್ತದೆ. ಹೀಗೆ ತೂರಿಸಿದ ಬಾಯಿಗಳು ಆಮೇಲೆ ಬೇಕಿಲ್ಲ. ಅವನ್ನು ತಿರುಪು ಬಿರಡೆಗಳಿಂದ ಮುಚ್ಚುತ್ತಾರೆ. ಇವೇ ಗ್ಯಾಲರಿ ಪ್ಲಗ್‌ಗಳು. ಕೆಲವು ಎಂಜಿನ್ನುಗಳಲ್ಲಿ ತಿರುಪಿನ ಬದಲು ಬಟ್ಟಲಿನಾಕಾರದ ತಗಡಿನ ಬಿರಡೆಯನ್ನು ಬಡಿದು ಕೂರಿಸಿರುತ್ತಾರೆ.

ಹನಿ ನೀರಾವರಿ ಮಾಡಿರುವ ರೈತರಿಗೆ ಇದನ್ನು ವಿವರಿಸುವುದು ಸುಲಭ. ಆಯಿಲ್ ಪಂಪು ಎಂದರೆ ಬಾವಿಯ ಪಂಪು, ಆಯಿಲ್ ಫಿಲ್ಟರು ಎಂದರೆ ತೋಟದ ಮೂಲೆಯ ಫಿಲ್ಟರು, ಗ್ಯಾಲರಿ ಎಂದರೆ ಸಬ್‌ಮೇನು, ಬೇರಿಂಗಿಗೆ ಹೋಗುವ ರಂಧ್ರಗಳೇ ಲ್ಯಾಟರಲ್‌ಗಳು. ಹೊಸದಾಗಿ ಪೈಪು ಕತ್ತರಿಸಿ ಜೋಡಿಸಿದ ಮೇಲೆ ಸಬ್‌ಮೇನಿನ ಫ್ಲಷ್ ವಾಲ್ವನ್ನೂ ಲ್ಯಾಟರಲ್‌ಗಳ ತುದಿಯ ಮುಚ್ಚಳಗಳನ್ನೂ ತೆಗೆದು ನೀರು ಬಿಡದೆ ಯಾರೂ ಹನಿ ಶುರು ಮಾಡುವುದಿಲ್ಲ. ಏಕೆಂದರೆ ಫಿಲ್ಟರಿನಿಂದ ಮುಂದೆ ಸೇರಿಕೊಂಡ ಪೈಪಿನ ಚೂರನ್ನು ತಡೆಯಲು ಇನ್ನೊಂದು ಫಿಲ್ಟರು ಇಲ್ಲ. ಅದು ನೇರವಾಗಿ ಡ್ರಿಪ್ಪರಿನಲ್ಲೇ ಸಿಕ್ಕಿಕೊಳ್ಳುತ್ತದೆ.

ಎಂಜಿನ್ನಿನಲ್ಲಿಯೂ ಹೀಗೆಯೇ. ಬೋರ್ ಮಾಡುವಾಗ, ಹೋನಿಂಗ್ ಮಾಡುವಾಗ, ಬ್ಲಾಕಿನ ಮುಖ ಮಟ್ಟ ಮಾಡುವಾಗ ಉದುರುವ ಕಬ್ಬಿಣದ ಪುಡಿ ಮತ್ತು ಸಾಣೆಯ ಹರಳು ತೆರೆದ ರಂಧ್ರಗಳ ಮೂಲಕ ಗ್ಯಾಲರಿ ಸೇರುತ್ತವೆ. ಲೈನರ್ ಮಾತ್ರ ಬದಲಿಸುವ, ಬೋರ್ ಮಾಡದ ಎಂಜಿನ್ನಿನಲ್ಲಿಯೂ ಹಳೆಯ ಆಯಿಲ್ಲಿನ ಕಪ್ಪು ಗಸಿ ಗ್ಯಾಲರಿಯ ಮೊಂಡು ತುದಿಗಳಲ್ಲಿ ಮಡುಗಟ್ಟಿರುತ್ತದೆ. ತುದಿ ತೆರೆಯದೆ ಎಷ್ಟೇ ಸೀಮೆಎಣ್ಣೆ ಹೊಯ್ದು ಗಾಳಿ ಊದಿದರೂ ಈ ಗಸಿ ಕದಲುವುದಿಲ್ಲ. ಎಂಜಿನ್ ಶುರುವಾಗಿ, ಬಿಸಿ ಆಯಿಲ್ ಒತ್ತಡದಿಂದ ನುಗ್ಗಿದಾಗ ಮಾತ್ರ ಕರಗಿ ಸಡಿಲವಾಗಿ ಹೊಸ ಬೇರಿಂಗಿಗೆ ಹೋಗುತ್ತದೆ. ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಇರುವ ಸಡಿಲು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಲ್ಲಿ ಒಂದು ಸಾಣೆ ಹರಳು ಮಾಡುವ ಕೆಲಸವನ್ನು ಊಹಿಸಿಕೊಳ್ಳಬಹುದು.

ಬಯಲುಸೀಮೆಯ ರೈತರೊಬ್ಬರ ಟ್ರ್ಯಾಕ್ಟರನ್ನು ನೋಡುವ ಸಂದರ್ಭ ಬಂದಿತ್ತು. ಬೆಳೆ ಸಾಲದಷ್ಟೇ ಹಣ ಸುರಿದು ಎಂಜಿನ್ ಕಟ್ಟಿಸಿದ್ದರು. ಮೂರನೆಯ ದಿನ ಉಳುಮೆಯಲ್ಲಿದ್ದಾಗಲೇ ಆಯಿಲ್ ಒತ್ತಡ ಕುಸಿದು ಎಂಜಿನ್ ಬಡಿಯತೊಡಗಿತು. ಬಿಚ್ಚಿ ನೋಡಿದಾಗ ಮೇನ್ ಬೇರಿಂಗುಗಳ ಮೇಲೆ ಉಂಗುರದಂತೆ ಗೀರುಗಳು. ಆಯಿಲ್ ಸರಿಯಿಲ್ಲವೆಂದು ಒಬ್ಬರು, ಬೇರಿಂಗ್ ನಕಲಿ ಎಂದು ಇನ್ನೊಬ್ಬರು ವಾದಿಸುತ್ತಿದ್ದರು. ಬ್ಲಾಕಿನ ಹಿಂಬದಿಯ ಗ್ಯಾಲರಿ ಬಿರಡೆಯ ಮೇಲೆ ಕಾರ್ಖಾನೆಯ ಹಳೆಯ ಬಣ್ಣ ಒಂದು ಚೂರೂ ಎದ್ದಿರಲಿಲ್ಲ. ಅದನ್ನು ಬಿಚ್ಚಿ ತಂತಿ ಹಾಕಿದಾಗ ಗ್ರೀಸಿನಂಥ ಕಪ್ಪು ಮುದ್ದೆಯ ಜೊತೆ ಹೊಳೆಯುವ ಕಬ್ಬಿಣದ ಪುಡಿ ಹೊರಬಂತು. ವರ್ಕ್‌ಷಾಪಿನಿಂದ ಬ್ಲಾಕ್ ತರುವಾಗ ರೈತರು ಮಾಡಬಹುದಾದ ಅತ್ಯಂತ ಸುಲಭದ ಪರೀಕ್ಷೆ ಇದು: ಬಿರಡೆಯ ತಲೆಯ ಮೇಲಿನ ಬಣ್ಣ ಒಡೆದಿಲ್ಲವಾದರೆ ಅದನ್ನು ಯಾರೂ ಬಿಚ್ಚಿಲ್ಲ.

ಬಿಚ್ಚುವ ಮೊದಲು

ಬ್ಲಾಕನ್ನು ಬೋಳು ಮಾಡಿ, ಅಂದರೆ ಕ್ಯಾಮ್ ಬುಷ್, ರಬ್ಬರ್ ರಿಂಗು, ಲೈನರುಗಳನ್ನೆಲ್ಲ ತೆಗೆದ ಮೇಲೆ, ಮುಂಬದಿ, ಹಿಂಬದಿ, ಎರಡು ಪಕ್ಕ ಮತ್ತು ಕೆಳಗಿನ ಮುಖವನ್ನು ಚೆನ್ನಾಗಿ ಉಜ್ಜಿ ಬಿರಡೆಗಳನ್ನು ಎಣಿಸಬೇಕು. ಟೈಮಿಂಗ್ ಕವರಿನ ಹಿಂದೆ ಮತ್ತು ಫ್ಲೈವೀಲಿನ ಹಿಂದೆ ಇರುವ ಬಿರಡೆಗಳು ಎಣಿಕೆಯಲ್ಲಿ ತಪ್ಪಿಹೋಗುವುದು ಹೆಚ್ಚು. ಪ್ರತಿಯೊಂದರ ಜಾಗ, ತಲೆಯ ಆಕಾರ, ಅದು ಬ್ಲಾಕಿನ ಮೈಯಿಂದ ಎಷ್ಟು ಒಳಗೆ ಅಥವಾ ಹೊರಗೆ ಇದೆ ಎಂಬುದನ್ನು ಒಂದು ಕಾಗದದ ಮೇಲೆ ಚಿತ್ರ ಸಮೇತ ಬರೆದಿಟ್ಟುಕೊಳ್ಳಬೇಕು. ಈ ಆಳದ ಅಳತೆ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಕೆಲವು ಎಂಜಿನ್ನುಗಳಲ್ಲಿ ಮುಂಬದಿಯ ಒಂದು ಬಿರಡೆಯ ನಡುವೆ ಸೂಜಿ ಹೋಗುವಷ್ಟು ಸಣ್ಣ ರಂಧ್ರವಿರುತ್ತದೆ. ಇದು ಸವಕಳಿಯಲ್ಲ, ಟೈಮಿಂಗ್ ಗೇರಿಗೆ ಆಯಿಲ್ ಚಿಮ್ಮಲೆಂದೇ ಮಾಡಿದ್ದು. ಇದರ ಜಾಗಕ್ಕೆ ತೂತಿಲ್ಲದ ಹೊಸ ಬಿರಡೆ ಹಾಕಿದರೆ ಗೇರುಗಳು ಒಣಗಿ ಸವೆಯುತ್ತವೆ. ಆದ್ದರಿಂದ ಹಳೆಯ ಬಿರಡೆಗಳನ್ನು ಪರೀಕ್ಷಿಸದೆ ಎಸೆಯಬಾರದು.

ಹಟಮಾರಿ ಬಿರಡೆಗಳು

ವರ್ಷಗಟ್ಟಲೆ ಬಿಸಿಯುಂಡ ಬಿರಡೆ ಸುಲಭವಾಗಿ ಬರುವುದಿಲ್ಲ. ಮೆಕ್ಯಾನಿಕ್‌ಗಳು ಅದನ್ನು ಬಿಚ್ಚದೆ ಬಿಡಲು ಮುಖ್ಯ ಕಾರಣವೇ ಇದು; ಅವರನ್ನು ಪೂರ್ತಿ ದೂರುವಂತಿಲ್ಲ. ಆರು ಮೂಲೆಯ ಗುಂಡಿ ಸವೆದುಹೋದರೆ ಮುಂದೆ ಅರ್ಧ ದಿನದ ಕೆಲಸ.

ಮೊದಲು ಬಿರಡೆಯ ಗುಂಡಿಯೊಳಗಿನ ಬಣ್ಣ, ಮಣ್ಣನ್ನು ಮೊಳೆಯಿಂದ ಕೆರೆದು ತಳ ಕಾಣುವಂತೆ ಮಾಡಬೇಕು. ಅಲೆನ್ ಕೀ ಹೊಸದಾಗಿರಬೇಕು, ಮೂಲೆ ಸವೆದದ್ದು ಬೇಡ. ಅದನ್ನು ಸುತ್ತಿಗೆಯಿಂದ ಎರಡು ಏಟು ಬಡಿದು ತಳಕ್ಕೆ ಕೂರಿಸಿ, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ ಆಮೇಲೆ ಸಡಿಲಿಸಿದರೆ ಅನೇಕ ಬಿರಡೆಗಳು ಮಣಿಯುತ್ತವೆ. ಮಣಿಯದವಕ್ಕೆ ಬೆಂಕಿಯೇ ಮದ್ದು. ಗ್ಯಾಸ್ ವೆಲ್ಡಿಂಗಿನ ಸಣ್ಣ ಜ್ವಾಲೆಯಿಂದ ಬಿರಡೆಯನ್ನು ಮಂದವಾಗಿ ಕೆಂಪಾಗುವವರೆಗೆ ಕಾಯಿಸಿ ತಾನಾಗಿಯೇ ಆರಲು ಬಿಡಬೇಕು. ಕಾದಾಗ ಹಿಗ್ಗಿ, ಆರಿದಾಗ ಕುಗ್ಗುವುದರಿಂದ ಹಳೆಯ ಅಂಟು ಮತ್ತು ತುಕ್ಕಿನ ಹಿಡಿತ ಬಿಡುತ್ತದೆ. ಇನ್ನೂ ಸಾಕಷ್ಟು ಬಿಸಿ ಇರುವಾಗಲೇ ಸಾಮಾನ್ಯ ಮೇಣದ ಬತ್ತಿಯನ್ನು ಬಿರಡೆಯ ಅಂಚಿಗೆ ತಾಗಿಸಿದರೆ, ದೀಪದ ಬತ್ತಿ ಎಣ್ಣೆ ಎಳೆಯುವಂತೆ ತಿರುಪಿನ ಸಂದುಗಳು ಕರಗಿದ ಮೇಣವನ್ನು ಒಳಗೆಳೆದುಕೊಳ್ಳುತ್ತವೆ. ಇದು ಹಳೆಯ ಕೈಕೆಲಸದವರ ಉಪಾಯ, ಇಂದಿಗೂ ಇದಕ್ಕಿಂತ ಒಳ್ಳೆಯದು ಕಡಿಮೆ.

ಬೆಂಕಿ ಹಿಡಿಯುವ ಮೊದಲು ಬ್ಲಾಕಿನೊಳಗೆ ಸೀಮೆಎಣ್ಣೆ, ಡೀಸೆಲ್, ಪೆಟ್ರೋಲಿನ ಪಸೆ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು. ಕಾದ ಎರಕದ ಮೇಲೆ ತಣ್ಣೀರು ಎರಚಿದರೆ ಬ್ಲಾಕ್ ಬಿರುಕು ಬಿಡುತ್ತದೆ, ಅವಸರ ಮಾಡಬಾರದು.

ಗುಂಡಿ ಸವೆದೇ ಹೋಗಿದ್ದರೆ, ಉಕ್ಕಿನ ಬಿರಡೆಯಾದಲ್ಲಿ ಅದರ ಮೇಲೆ ಒಂದು ನಟ್ಟನ್ನು ಇಟ್ಟು ನಟ್ಟಿನ ಒಳಗಿನಿಂದ ವೆಲ್ಡ್ ಮಾಡಿ, ಆರಿದ ಮೇಲೆ ಸ್ಪ್ಯಾನರಿನಿಂದ ತಿರುಗಿಸಬಹುದು. ವೆಲ್ಡಿಂಗಿನ ಶಾಖವೂ ಸಹಾಯಕ್ಕೆ ಬರುತ್ತದೆ. ಕೊನೆಯ ದಾರಿಯೆಂದರೆ ಸರಿಯಾಗಿ ನಡುವಿಗೆ ಗುರುತು ಹಾಕಿ, ಸಣ್ಣ ಡ್ರಿಲ್ಲಿನಿಂದ ಆರಂಭಿಸಿ ಬ್ಲಾಕಿನ ಥ್ರೆಡ್ಡಿಗೆ ತಾಗದಂತೆ ಕೊರೆದು ತೆಗೆಯುವುದು. ಕೊರೆದ ರಂಧ್ರಕ್ಕೆ ಹಾಕುವ ಎಕ್ಸ್‌ಟ್ರ್ಯಾಕ್ಟರನ್ನು ಬಲವಾಗಿ ತಿರುಚಬಾರದು. ಅದು ಗಡಸು ಉಕ್ಕು. ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಅದನ್ನು ಕೊರೆಯಲಾರದು.

ಶುಚಿಗೊಳಿಸುವಿಕೆ

ಎರಡೂ ತುದಿ ತೆರೆದ ಗ್ಯಾಲರಿಯನ್ನು ಬಂದೂಕಿನ ನಳಿಗೆ ಉಜ್ಜುವಂಥ ಉದ್ದ ಬ್ರಷ್ಷಿನಿಂದ ಡೀಸೆಲ್ ಹಾಕಿ ಹಲವು ಸಲ ಉಜ್ಜಬೇಕು. ನಂತರ ಬಿಸಿ ಸೋಪು ನೀರಿನಿಂದ ತೊಳೆಯಬೇಕು. ಹೋನಿಂಗ್ ಕಲ್ಲಿನ ಹರಳನ್ನು ಸೀಮೆಎಣ್ಣೆ ಪೂರ್ತಿ ಎತ್ತುವುದಿಲ್ಲ, ಸೋಪು ನೀರು ಎತ್ತುತ್ತದೆ. ಕವಲು ರಂಧ್ರಗಳಿಗೂ ಬ್ರಷ್ ತೂರಿಸಿ, ಗಾಳಿ ಊದಿ, ಕೊನೆಗೆ ಬಿಳಿ ಬಟ್ಟೆಯ ಚೂರನ್ನು ತಂತಿಗೆ ಕಟ್ಟಿ ಎಳೆದು ನೋಡಬೇಕು. ಬಟ್ಟೆ ಬಿಳಿಯಾಗಿಯೇ ಬರುವವರೆಗೆ ಕೆಲಸ ಮುಗಿದಿಲ್ಲ. ಒಣಗಿದ ಕೂಡಲೇ ಎಲ್ಲ ಕಡೆ ಆಯಿಲ್ ಸವರದಿದ್ದರೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ. ಬಿರಡೆ ಕೂರುವ ಥ್ರೆಡ್ಡಿಗೆ ಮಾತ್ರ ಆಯಿಲ್ ಬೇಡ.

ಕ್ರ್ಯಾಂಕ್‌ಷಾಫ್ಟಿನ ಆಯಿಲ್ ರಂಧ್ರಗಳಿಗೂ ಕೆಲವು ಎಂಜಿನ್ನುಗಳಲ್ಲಿ ತಿರುಪು ಬಿರಡೆಗಳಿರುತ್ತವೆ. ಗ್ರೈಂಡಿಂಗ್ ಮಾಡಿಸಿ ತಂದ ಕ್ರ್ಯಾಂಕಿನಲ್ಲಿ ಇವನ್ನು ಬಿಚ್ಚಿ ತೊಳೆಯುವುದು ಬ್ಲಾಕಿನಷ್ಟೇ ಮುಖ್ಯ. ತಿರುಗುವ ಭಾಗವಾದ್ದರಿಂದ ಹೊಸ ಬಿರಡೆ ಹಾಕಿದ ಮೇಲೆ ಅಂಚಿಗೆ ಪಂಚ್ ಹೊಡೆದು ಬೀಗ ಹಾಕುವುದನ್ನು ಮರೆಯಬಾರದು.

ಯಾವ ಥ್ರೆಡ್ಡು?

ಅತಿ ಹೆಚ್ಚು ತೊಂದರೆ ಆಗುವುದು ಇಲ್ಲಿಯೇ. ನಮ್ಮ ಹೊಲಗಳಲ್ಲಿ ಓಡುವ ಟ್ರ್ಯಾಕ್ಟರುಗಳ ಬೇರು ಒಂದೇ ದೇಶದ್ದಲ್ಲ. 1960ರಲ್ಲಿ ಆರಂಭವಾದ ಟೆಫೆ ಸಂಸ್ಥೆ ಮ್ಯಾಸಿ ಫರ್ಗುಸನ್ ಮಾದರಿಗಳನ್ನು ತಯಾರಿಸಿತು. ಮಹೀಂದ್ರದ ಹಳೆಯ ಮಾದರಿಗಳ ಮೂಲ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆಯದು. 1971ರಿಂದ ಪಿಂಜೋರಿನಲ್ಲಿ ತಯಾರಾದ ಎಚ್.ಎಂ.ಟಿ. ಟ್ರ್ಯಾಕ್ಟರಿನ ವಿನ್ಯಾಸ ಚೆಕೊಸ್ಲೊವಾಕಿಯಾದ ಝೆಟರ್‌ನದು. ಆ ವಿಭಾಗವನ್ನು ಮುಚ್ಚಲು 2016ರಲ್ಲಿ ತೀರ್ಮಾನವಾದರೂ ಹಳೆಯ ಟ್ರ್ಯಾಕ್ಟರುಗಳನ್ನು ಇಟ್ಟುಕೊಂಡ ರೈತರಿದ್ದಾರೆ. ಹೀಗೆ ಅಂಗುಲದ ಅಳತೆಯ ನಾಡು, ಮೆಟ್ರಿಕ್ ಅಳತೆಯ ನಾಡು ಎಲ್ಲದರ ಎಂಜಿನ್ನುಗಳೂ ಒಂದೇ ವರ್ಕ್‌ಷಾಪಿಗೆ ಬರುತ್ತವೆ. ಆದ್ದರಿಂದ ನೋಡಿದರೆ ಒಂದೇ ರೀತಿ ಕಾಣುವ ಬಿರಡೆಗಳನ್ನು ಅಳೆಯದೆ ನಂಬಬಾರದು.

ಮೊನಚಾದ, ಅಂದರೆ ತುದಿಯತ್ತ ಸಣ್ಣದಾಗುತ್ತ ಹೋಗುವ ಪೈಪ್ ಥ್ರೆಡ್ಡುಗಳಲ್ಲಿ ಎರಡು ಕುಲ. ಬ್ರಿಟಿಷ್ ಪದ್ಧತಿಯ ಬಿ.ಎಸ್.ಪಿ. ಥ್ರೆಡ್ಡಿನ ಕೋನ 55 ಡಿಗ್ರಿ, ಅಮೆರಿಕನ್ ಪದ್ಧತಿಯ ಎನ್.ಪಿ.ಟಿ. ಥ್ರೆಡ್ಡಿನ ಕೋನ 60 ಡಿಗ್ರಿ. ಎರಡರ ಮೊನಚೂ 16ಕ್ಕೆ 1ರಂತೆ ಇರುವುದರಿಂದ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. 1/8 ಅಂಗುಲದ ಬಿರಡೆಯಲ್ಲಿ ಬಿ.ಎಸ್.ಪಿ.ಗೆ ಅಂಗುಲಕ್ಕೆ 28 ಥ್ರೆಡ್ಡುಗಳಾದರೆ ಎನ್.ಪಿ.ಟಿ.ಗೆ 27. 1/4 ಮತ್ತು 3/8 ಅಂಗುಲದಲ್ಲಿ ಕ್ರಮವಾಗಿ 19 ಮತ್ತು 18. 1/2 ಅಂಗುಲದಲ್ಲಿ ಎರಡಕ್ಕೂ 14, ಆದರೆ ಕೋನ ಬೇರೆ.

ಹೆಸರಿನ ಅಳತೆಯೂ ಮೋಸಗೊಳಿಸುತ್ತದೆ. 1/8 ಅಂಗುಲ ಎಂಬುದು ಪೈಪಿನ ಹೆಸರು ಮಾತ್ರ. ಬಿರಡೆಯ ಹೊರ ವ್ಯಾಸ ಬಿ.ಎಸ್.ಪಿ.ಯಲ್ಲಿ ಸುಮಾರು 9.7 ಮಿಲಿಮೀಟರ್, ಎನ್.ಪಿ.ಟಿ.ಯಲ್ಲಿ ಸುಮಾರು 10.3 ಮಿಲಿಮೀಟರ್. 1/4 ಅಂಗುಲದ ಬಿರಡೆ ಬಿ.ಎಸ್.ಪಿ.ಯಲ್ಲಿ ಸುಮಾರು 13.2, ಎನ್.ಪಿ.ಟಿ.ಯಲ್ಲಿ ಸುಮಾರು 13.7 ಮಿಲಿಮೀಟರ್.

ನಮ್ಮ ದೇಶದ ನೀರಿನ ಪೈಪುಗಳ ಥ್ರೆಡ್ಡು ಬಿ.ಎಸ್.ಪಿ. ಕುಲದ್ದು. ಬಿರಡೆ ಕಳೆದುಹೋಯಿತೆಂದು ಪೇಟೆಯ ಪೈಪಿನ ಅಂಗಡಿಯಿಂದ ಜಿ.ಐ. ಪ್ಲಗ್ ತಂದು ಎನ್.ಪಿ.ಟಿ. ಬಾಯಿಗೆ ತಿರುಗಿಸಿದರೆ ಅದು ಅಲುಗಾಡುತ್ತ ಬಹಳ ಆಳಕ್ಕೆ ಇಳಿದು ಹೇಗೋ ನಿಲ್ಲುತ್ತದೆ. ತಣ್ಣಗಿದ್ದಾಗ ಸೋರುವುದಿಲ್ಲ, ಬಿಸಿಯಾಗಿ ಒತ್ತಡ ಬಂದಾಗ ಸೋರುತ್ತದೆ. ಅದಲು ಬದಲಾದರೆ ಒಂದೆರಡು ಸುತ್ತಿಗೇ ಕಚ್ಚಿಕೊಂಡು, ಬಲವಂತ ಮಾಡಿದರೆ ಬ್ಲಾಕಿನ ಥ್ರೆಡ್ಡೇ ಹಾಳಾಗುತ್ತದೆ. ಸರಿಯಾದ ಬಿರಡೆ ಕೈಯಿಂದಲೇ ಮೂರು ನಾಲ್ಕು ಸುತ್ತು ನಯವಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ. ಒಂದು ಪಿಚ್ ಗೇಜು ಕೊಂಡಿಟ್ಟುಕೊಂಡರೆ ಈ ಅನುಮಾನವೇ ಇರುವುದಿಲ್ಲ. ವಿಸ್ತರಣಾ ಕಾರ್ಯಕರ್ತರು ತರಬೇತಿಯ ದಿನ ಇದನ್ನು ರೈತರ ಕೈಗೆ ಕೊಟ್ಟು ಎರಡು ಬಗೆಯ ಬಿರಡೆಗಳನ್ನು ಅಳೆಸಿದರೆ ಒಂದು ಗಂಟೆಯ ಭಾಷಣಕ್ಕಿಂತ ಮೇಲು.

ಮೊನಚಿಲ್ಲದ, ಉದ್ದಕ್ಕೂ ಒಂದೇ ದಪ್ಪದ ಥ್ರೆಡ್ಡಿನ ಬಿರಡೆಗಳಲ್ಲಿ ಆಯಿಲ್ ತಡೆಯುವುದು ಥ್ರೆಡ್ಡಲ್ಲ, ತಲೆಯ ಕೆಳಗಿನ ವಾಷರು. ಇದನ್ನು ಪ್ರತಿ ಸಲವೂ ಹೊಸದು ಹಾಕಬೇಕು. ಸಿಗದಿದ್ದ ಪಕ್ಷದಲ್ಲಿ ಹಳೆಯ ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ಆರಿಸಿದರೆ ಮತ್ತೆ ಮೆತ್ತಗಾಗುತ್ತದೆ.

ಹಳೆಯ ಥ್ರೆಡ್ಡಿನ ಕೊಳೆ ತೆಗೆಯಲು ಟ್ಯಾಪ್ ಹಾಕುವಾಗ ಎಚ್ಚರಿಕೆ ಅಗತ್ಯ. ಮೊನಚು ಟ್ಯಾಪನ್ನು ಆಳಕ್ಕೆ ಇಳಿಸಿದಷ್ಟೂ ಬಾಯಿ ಅಗಲವಾಗುತ್ತದೆ, ಬಿರಡೆ ಅಷ್ಟೂ ಒಳಗೆ ಹೋಗುತ್ತದೆ. ಕೊಳೆ ಬಂದರೆ ಸಾಕು, ಲೋಹ ಬರಬಾರದು.

ಅಂಟು ಮತ್ತು ಬಿಗಿ

ಪಂಪಿನ ಪೈಪಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪು ಪ್ರತಿ ರೈತರ ಮನೆಯಲ್ಲೂ ಇರುತ್ತದೆ. ಗ್ಯಾಲರಿ ಬಿರಡೆಗೆ ಅದು ಬೇಡವೇ ಬೇಡ. ತಿರುಗಿಸುವಾಗ ಹರಿದ ಟೇಪಿನ ಎಳೆ ಗ್ಯಾಲರಿಯೊಳಗೆ ಬಿದ್ದರೆ, ಅದೂ ಫಿಲ್ಟರಿನಿಂದ ಮುಂದೆ ಬಿದ್ದ ಕಸವೇ. ನೂಲು ಮತ್ತು ಸಫೇದಾ ಕೂಡ ನಲ್ಲಿಗೆ ಸರಿ, ಎಂಜಿನ್ನಿಗಲ್ಲ. ಗ್ಯಾಸ್ಕೆಟ್ಟಿಗೆ ಬಳಸುವ ಸಿಲಿಕೋನ್ ಅಂಟನ್ನು ಹಚ್ಚುವವರೂ ಇದ್ದಾರೆ. ಒಳಗೆ ಹಿಂಡಿಕೊಂಡು ಬಂದ ಭಾಗ ರಬ್ಬರಿನ ಗುಳಿಗೆಯಾಗಿ ಕಳಚಿ ಹೋಗುವುದರಿಂದ ಅದೂ ತಪ್ಪು.

ಇದಕ್ಕೆ ಸೂಕ್ತವಾದದ್ದು ಥ್ರೆಡ್ ಸೀಲೆಂಟ್ ಎಂದು ಆಟೋಮೊಬೈಲ್ ಅಂಗಡಿಗಳಲ್ಲಿ ಸಿಗುವ ಅನೆರೋಬಿಕ್ ಅಂಟು. ಗಾಳಿಯಲ್ಲಿ ಇದು ಗಟ್ಟಿಯಾಗುವುದಿಲ್ಲ. ಗಾಳಿ ಇಲ್ಲದ ಕಡೆ, ಲೋಹದ ನಡುವೆ ಸಿಕ್ಕಾಗ ಮಾತ್ರ ಗಟ್ಟಿಯಾಗುತ್ತದೆ. ಹಾಗಾಗಿ ಥ್ರೆಡ್ಡಿನ ಸಂದಿನಲ್ಲಿ ಕಲ್ಲಾಗುತ್ತದೆ, ಒಳಗೆ ಹೆಚ್ಚಾಗಿ ಬಂದದ್ದು ದ್ರವವಾಗಿಯೇ ಉಳಿದು ಆಯಿಲ್ಲಿನಲ್ಲಿ ಕರಗಿಹೋಗುತ್ತದೆ. ಥಿನ್ನರಿನಿಂದ ಬಿರಡೆಯನ್ನೂ ಬಾಯಿಯನ್ನೂ ಜಿಡ್ಡಿಲ್ಲದಂತೆ ಒರೆಸಿ ಒಣಗಿಸಿ, ತುದಿಯ ಒಂದೆರಡು ಥ್ರೆಡ್ಡು ಬಿಟ್ಟು ಉಳಿದವಕ್ಕೆ ತೆಳುವಾಗಿ ಹಚ್ಚಬೇಕು. ಪೊಟ್ಟಣದ ಮೇಲೆ ಹೇಳಿದಷ್ಟು ಹೊತ್ತು ಒಣಗಲು ಬಿಡಬೇಕು.

ಬಿಗಿ ಮಾಡುವಾಗ ಮೊನಚು ಬಿರಡೆ ಒಂದು ಬೆಣೆ ಎಂಬುದನ್ನು ಗಮನದಲ್ಲಿಟ್ಟುಕೊಳ್ಳಬೇಕು. ಸೌದೆ ಸೀಳಲು ಹೊಡೆಯುವ ಬೆಣೆಯಂತೆಯೇ ಇದು ಎರಕದ ಬಾಯಿಯನ್ನು ಅಗಲಿಸಲು ಒತ್ತುತ್ತಿರುತ್ತದೆ. ಕೀಗೆ ಪೈಪು ಸಿಕ್ಕಿಸಿ ಎಳೆದರೆ ಬ್ಲಾಕ್ ಸೀಳಬಹುದು, ಆ ಸೀಳಿಗೆ ಪರಿಹಾರ ದುಬಾರಿ. ಕೈಬಿಗಿಯಾದ ನಂತರ ಸಣ್ಣ ಬಿರಡೆಗಳಿಗೆ ಒಂದೂವರೆ ಸುತ್ತಿನ ಆಸುಪಾಸು ಸಾಕಾಗುತ್ತದೆ. ಕೈಪಿಡಿಯಲ್ಲಿ ಟಾರ್ಕ್ ಕೊಟ್ಟಿದ್ದರೆ ಅದೇ ಅಂತಿಮ.

ಮೊದಲು ಬರೆದಿಟ್ಟ ಆಳದ ಅಳತೆ ಈಗ ಬೇಕು. ಹೊಸ ಬಿರಡೆ ಹಳೆಯದಕ್ಕಿಂತ ಒಳಗೆ ಹೋಗಿದ್ದರೆ ಅದರ ಮೂತಿ ಪಕ್ಕದ ಕವಲು ರಂಧ್ರವನ್ನು ಮುಚ್ಚಿರಬಹುದು. ಆಗ ಒಂದು ಬೇರಿಂಗಿಗೆ ಆಯಿಲ್ಲೇ ಹೋಗುವುದಿಲ್ಲ. ಕವಲಿನಿಂದ ತಂತಿ ಹಾಕಿ ನೋಡಿದರೆ ತಿಳಿಯುತ್ತದೆ. ಹೊರಗೆ ಚಾಚಿಕೊಂಡಿದ್ದರೆ ಟೈಮಿಂಗ್ ಗೇರಿಗೋ ಫ್ಲೈವೀಲಿಗೋ ಉಜ್ಜುತ್ತದೆ.

ನೀರಿನ ಜಾಕೆಟ್ಟಿನ ವೆಲ್ಚ್ ಪ್ಲಗ್‌ಗಳು ತಿರುಪಿನವಲ್ಲ, ಎರಕದ ಮರಳು ತೆಗೆದ ಬಾಯಿಗಳಿಗೆ ಬಡಿದು ಕೂರಿಸುವ ಬಟ್ಟಲುಗಳು. ರೇಡಿಯೇಟರಿಗೆ ಬೋರ್‌ವೆಲ್ ನೀರನ್ನೇ ಹಾಕುವ ಕಡೆ ಇವು ಒಳಗಿನಿಂದ ತುಕ್ಕು ತಿಂದಿರುತ್ತವೆ. ಎಂಜಿನ್ ಬಿಚ್ಚಿದಾಗಲೇ ಎಲ್ಲವನ್ನೂ ಬದಲಿಸುವುದು ಲೇಸು.

ಪರೀಕ್ಷೆ

ಬೇರಿಂಗ್, ಕ್ರ್ಯಾಂಕ್ ಕೂರಿಸಿದ ಮೇಲೆ, ಸಂಪ್ ಮತ್ತು ಟೈಮಿಂಗ್ ಕವರ್ ಮುಚ್ಚುವ ಮೊದಲು, ಆಯಿಲ್ ಗೇಜಿನ ಬಾಯಿಯಿಂದ ಕೈಪಂಪಿನ ಮೂಲಕ ಶುದ್ಧ ಆಯಿಲ್ಲನ್ನು ಗ್ಯಾಲರಿಗೆ ಒತ್ತಿ ನೋಡಬೇಕು. ಪ್ರತಿ ಬೇರಿಂಗಿನ ಅಂಚಿನಿಂದಲೂ ಆಯಿಲ್ ಜಿನುಗಬೇಕು, ಯಾವ ಬಿರಡೆಯ ಸುತ್ತಲೂ ಜಿನುಗಬಾರದು. ಕೀಟನಾಶಕ ಸಿಂಪಡಿಸಿದ ಪಂಪನ್ನು ಈ ಕೆಲಸಕ್ಕೆ ತರಬಾರದು. ಟೈಮಿಂಗ್ ಕವರಿನ ಒಳಗಿನ ಬಿರಡೆ ಸೋರಿದರೆ ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಆಯಿಲ್ ಸಂಪಿಗೇ ಬೀಳುತ್ತದೆ, ಒತ್ತಡ ಮಾತ್ರ ಕಡಿಮೆಯಾಗುತ್ತದೆ. ಆಮೇಲೆ ಪಂಪು ಬದಲಿಸಿ, ಬೇರಿಂಗ್ ಬದಲಿಸಿ ರೈತರು ದಣಿಯುತ್ತಾರೆ.

ಮೊದಲ ಸಲ ಚಾಲೂ ಮಾಡುವಾಗ ಡೀಸೆಲ್ ನಿಲ್ಲಿಸುವ ಗುಬ್ಬಿಯನ್ನು ಎಳೆದಿಟ್ಟು, ಗೇಜಿನ ಮುಳ್ಳು ಏಳುವವರೆಗೆ ಸ್ಟಾರ್ಟರಿನಿಂದ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಆಮೇಲೆ ಡೀಸೆಲ್ ಬಿಡಬೇಕು. ಎಂಜಿನ್ ಬಿಸಿಯಾದ ಮೇಲೆ ನಿಲ್ಲಿಸಿ, ಕಾಣುವ ಬಿರಡೆಗಳ ಕೆಳಗೆ ಒಣ ಬಟ್ಟೆ ಒತ್ತಿ ನೋಡಬೇಕು. ಪಸೆ ಕಂಡರೆ ಇನ್ನೂ ಸ್ವಲ್ಪ ಬಿಗಿ ಮಾಡೋಣವೆನ್ನಿಸುವುದು ಸಹಜ. ಆದರೆ ಗಟ್ಟಿಯಾದ ಅಂಟು ಒಮ್ಮೆ ಕದಲಿದರೆ ಮತ್ತೆ ಹಿಡಿಯುವುದಿಲ್ಲ. ಬಿರಡೆಯನ್ನು ಪೂರ್ತಿ ಬಿಚ್ಚಿ, ಒರೆಸಿ, ಹೊಸದಾಗಿ ಹಚ್ಚಿಯೇ ಕೂರಿಸಬೇಕು. ಹಿಂಬದಿಯ ಬಿರಡೆಗೆ ಈ ಅವಕಾಶವೂ ಇಲ್ಲ. ಅದರ ಸೋರಿಕೆ ಹಿಂದಿನ ಆಯಿಲ್ ಸೀಲಿನ ಸೋರಿಕೆಯಂತೆಯೇ ಕಾಣುತ್ತದೆ, ಸರಿಪಡಿಸಲು ಟ್ರ್ಯಾಕ್ಟರನ್ನು ನಡುವೆ ಎರಡು ಭಾಗ ಮಾಡಬೇಕಾಗುತ್ತದೆ. ಆದ್ದರಿಂದ ಎಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸುವ ದಿನ, ಫ್ಲೈವೀಲ್ ಹಾಕುವ ಮೊದಲು, ಮಾಲೀಕರು ಖುದ್ದಾಗಿ ಹಾಜರಿದ್ದು ಹಿಂಬದಿಯ ಬಿರಡೆಗಳನ್ನು ಕಾಗದದ ಪಟ್ಟಿಯೊಡನೆ ಹೋಲಿಸಿ ನೋಡುವುದು ಸೂಕ್ತ.